ನಾಲ್ಕೂರು ಸುತ್ತಿ ಕುಣಿಗೆ ಬಿದ್ದದ್ದು

ನನ್ನ ಮಗಳು ಮೂರನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಚಿತ್ರಕಲೆಯ ತಾಸಿನಲ್ಲಿ ‘ನನ್ನ ಮನೆ’ ಎಂಬ ವಿಷಯ ಕೊಟ್ಟಿದ್ದರು. ಉಳಿದ ಮಕ್ಕಳೆಲ್ಲ ಲೋಕರೂಢಿಯಂತೆ ಒಂದು ಬಾಗಿಲು, ಎರಡು ಕಿಟಕಿ, ಹಿಂದೆ ಎರಡು ಗುಡ್ಡ, ಗುಡ್ಡದ ಸಂದಿಯಲ್ಲಿ ನಗುವ ಸೂರ್ಯನನ್ನು ಬರೆದರೆ, ಇವಳು ಹಾಳೆ ತುಂಬುವಷ್ಟು ದೊಡ್ಡ ಕೆಂಪು ಬಸ್ಸೊಂದನ್ನು ಬರೆದು, ಅದರ ಮೂರು ಕಿಟಕಿಗಳಲ್ಲಿ ಅಪ್ಪ, ಅವ್ವ, ಅಜ್ಜಿ ಎಂದು ಮೂರು ಮುಖ ಕೂರಿಸಿದ್ದಳು. ಆ ತರಗತಿಯ ಟೀಚರು ಅದೇ ಶಾಲೆಯಲ್ಲಿ ನನ್ನ ಜೊತೆ ಕಲಿಸುವ ಗೆಳತಿಯೇ. ಇದೇನೆಂದು ಅವಳು ಕೇಳಿದ್ದಕ್ಕೆ, ಮೂವರೂ ಒಂದೇ ಕಡೆ ಕೂರುವುದು ತಾನು ನೋಡಿದಂತೆ ಇಲ್ಲಿ ಮಾತ್ರ ಎಂದಳಂತೆ. ಸ್ಟಾಫ್ ರೂಮಿನಲ್ಲಿ ಆ ಹಾಳೆ ಕೈಯಿಂದ ಕೈಗೆ ದಾಟಿತು, ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಸಂಜೆ ರೊಟ್ಟಿ ಬಡಿಯಲು ಕೂತಾಗ ಮಾತ್ರ ನಗು ಬರಲಿಲ್ಲ. ಅಂದು ರೊಟ್ಟಿಗೆ ಬಿದ್ದ ಪೆಟ್ಟು ಓಣಿಯ ಕೊನೆಯ ಮನೆಗೂ ಕೇಳಿಸಿತಂತೆ.

ನಮ್ಮ ಸಂಸಾರದ ಭೂಗೋಳವನ್ನು ಮೊದಲು ಹೇಳಿಬಿಡುತ್ತೇನೆ. ನಾನು ಹುನಗುಂದದಲ್ಲಿ ಶಾಲೆಯ ಟೀಚರು. ಮಗಳೊಂದಿಗೆ ಅಲ್ಲಿ ಒಂದು ಬಾಡಿಗೆ ಮನೆ. ನಮ್ಮ ಯಜಮಾನರು ಬಾಗಲಕೋಟೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು; ಅವರಿಗೆ ಅಲ್ಲೊಂದು ಬಾಡಿಗೆ ಕೋಣೆ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಹೋಗುವ ಗಂಡನನ್ನು ಮನೆಯವನೆನ್ನಬೇಕೋ ಅತಿಥಿಯೆನ್ನಬೇಕೋ ಎಂಬ ಗೊಂದಲ ನನಗಿದ್ದರೂ, ತಿಂಡಿಯ ವಿಷಯದಲ್ಲಿ ಅವರು ಅತಿಥಿಯ ಹಕ್ಕನ್ನೇ ಚಲಾಯಿಸುತ್ತಿದ್ದರು. ಅತ್ತೆ ಬಾದಾಮಿಯಲ್ಲಿ ಹಿರಿಯ ಮಗನ ಬಳಿ. ಕಿರಿಯ ಮಗನ ಮೇಲೆಯೇ ಅವರಿಗೆ ಜೀವ; ಆದರೆ ಬಾಡಿಗೆ ಮನೆಯ ನೀರು ತನ್ನ ಗಂಟಲಲ್ಲಿ ಇಳಿಯುವುದಿಲ್ಲ, ಸ್ವಂತದ ಸೂರು ಮಾಡಿದ ದಿನ ಗಂಟು ಕಟ್ಟಿಕೊಂಡು ಬರುತ್ತೇನೆ ಎಂದು ಹತ್ತು ವರ್ಷದಿಂದ ಹೇಳುತ್ತಿದ್ದರು. ಹೀಗೆ ನಾಲ್ಕು ಜೀವಗಳು ಮೂರು ಊರುಗಳಲ್ಲಿ ಹಂಚಿಹೋಗಿ, ಹಬ್ಬಕ್ಕೋ ಮದುವೆಗೋ ಹೊರಟಾಗ ಒಂದೇ ಬಸ್ಸಿನಲ್ಲಿ ಕೂಡಿಕೊಳ್ಳುತ್ತಿದ್ದವು. ಮಗಳು ಸುಳ್ಳು ಬರೆದಿರಲಿಲ್ಲ.

ಆ ಶನಿವಾರ ಯಜಮಾನರ ಮುಂದೆ ಚಹಾದ ಬದಲು ಚಿತ್ರ ಇಟ್ಟೆ. ಅವರು ಬಹಳ ಹೊತ್ತು ನೋಡಿ, ಬಸ್ಸಿನ ನಂಬರು ಸರಿಯಾಗಿಯೇ ಬರೆದಿದ್ದಾಳೆ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಮನೆ ನೋಡೋಣ ಎಂದರು.

ಮನೆ ಕೊಳ್ಳುವುದೆಂದರೆ ಮೊದಲು ಊರು ಆರಿಸಬೇಕು. ಸುಖವಾಗಿದ್ದ ಗಂಡ ಹೆಂಡಿರ ಮಧ್ಯೆ ಮಾತು ಬಿಡಿಸಬೇಕಾದರೆ ನೀವು ಬೇರೆ ಏನೂ ಮಾಡಬೇಕಿಲ್ಲ, ಯಾವ ಊರು ಛಲೋ ಎಂದು ಕೇಳಿ ಸುಮ್ಮನೆ ಹಿಂದೆ ಸರಿದರೆ ಸಾಕು. ಯಜಮಾನರಿಗೆ ಬಾಗಲಕೋಟೆಯಲ್ಲದೆ ಬೇರೆ ಊರೇ ಇರಲಿಲ್ಲ: ಕಚೇರಿ, ಕಾಲೇಜು, ದವಾಖಾನೆ, ರೈಲು. ಅತ್ತೆಗೆ ಬಾದಾಮಿಯ ಆಚೆ ಇರುವುದೆಲ್ಲ ಪರದೇಶ. ಕೆರೂರಿನ ಸಂತೆಯವರೆಗೆ ಮಾತ್ರ ಅವರು ಸ್ವದೇಶವೆಂದು ಒಪ್ಪುತ್ತಿದ್ದರು. ಬೇವೂರಿನಲ್ಲಿ ಹುಟ್ಟಿದ ನನಗೆ ಯಾವ ಊರಾದರೂ ದೊಡ್ಡ ಊರೇ ಆದ್ದರಿಂದ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಬಹಳ ದಿನಗಳ ಮೇಲೆ ನನಗೆ ಹೊಳೆದ ಸಂಗತಿ ಇದು: ಊರುಗಳನ್ನು ಹೋಲಿಸುವಾಗ ನಾವು ಊರಿನ ಬಗ್ಗೆ ಮಾತಾಡುವುದೇ ಇಲ್ಲ. ಅವರವರು ಯಾವ ಊರಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದ್ದರೋ, ಯಾವ ಊರಿನಲ್ಲಿ ಯಾರಾದರೂ ಅವರನ್ನು ಹೆಸರು ಹಿಡಿದು ಕೂಗಿದ್ದರೋ ಅದನ್ನೇ ನೀರು, ಗಾಳಿ, ದವಾಖಾನೆ ಎಂಬ ಹೆಸರಿನಲ್ಲಿ ಹೇಳುತ್ತಿರುತ್ತಾರೆ.

ಹಿರಿಯರ ಮಾತು ಮೊದಲೆಂದು ಬಾದಾಮಿಗೆ ಹೋದೆವು. ಗುಡ್ಡದ ಬುಡಕ್ಕೇ ಒಂದು ಕಲ್ಲಿನ ಮನೆ. ಮಾಳಿಗೆ ಹತ್ತಿದರೆ ಕೆಂಪು ಬಂಡೆಗಳು ಕೈಗೆ ತಾಗುವಷ್ಟು ಹತ್ತಿರ. ಏಪ್ರಿಲ್ ತಿಂಗಳಾದ್ದರಿಂದ ಆ ಬಂಡೆಗಳು ಹಗಲಿಡೀ ಕುಡಿದ ಬಿಸಿಲನ್ನು ನಮ್ಮತ್ತಲೇ ಉಸುರುತ್ತಿದ್ದವು. ಮನೆಯ ಮಾಲೀಕರು ಸಾಧು ಮನುಷ್ಯರು. ಮಂಗಗಳ ಕಾಟ ಹೇಗೆ ಎಂದು ನಾನು ಕೇಳಿದ್ದಕ್ಕೆ ಮರೆಮಾಚದೆ ಹೇಳಿದರು: “ಮುಂಜಾನೆ ಒಂದೀಟು ಐತ್ರಿ. ಹತ್ತರ ಮ್ಯಾಲೆ ಅವು ಗವಿ ಕಡೆ ಡ್ಯೂಟಿಗಿ ಹೋಗ್ತಾವು.” ಪ್ರವಾಸಿಗರು ಬರುವ ಹೊತ್ತಿಗೆ ಹಾಜರಿ ಹಾಕುವ ಆ ಮಂಗಗಳ ಶಿಸ್ತನ್ನು ಸರಕಾರಿ ನೌಕರರಾದ ನಾವಿಬ್ಬರೂ ಮನಸ್ಸಿನಲ್ಲಿ ಮೆಚ್ಚುತ್ತಿರುವಾಗಲೇ, ಅಂದು ರಜೆ ಹಾಕಿದ್ದ ಒಂದು ಮಂಗ ಹಿಂದಿನಿಂದ ಬಂದು ಯಜಮಾನರ ಕನ್ನಡಕವನ್ನು ಎತ್ತಿಕೊಂಡು ಗೋಡೆಯ ಮೇಲೆ ಕೂತಿತು. ಯಜಮಾನರು ಕಲ್ಲಿಗಾಗಿ ಬಗ್ಗಿದರು. ಅತ್ತೆ ಅವರ ಕೈ ಹಿಡಿದು, “ತಡಿಯಪ್ಪಾ, ಹಾಕ್ಕೊಂಡು ನೋಡಿ ಕೊಡತೈತಿ” ಎಂದರು. ಅದು ನಿಜಕ್ಕೂ ಹಾಕಿಕೊಂಡು ನೋಡಿತು. ಕಣ್ಣಿಗೆ ಹೊಂದಲಿಲ್ಲವೆಂದು ತೋರುತ್ತದೆ, ಬಿಸಾಡಿ ಹೋಯಿತು. ಒಂದು ಗಾಜು ಬಿರುಕು ಬಿಟ್ಟಿತ್ತು. ಆ ದಿನ ಬಾದಾಮಿಯ ಸೌಂದರ್ಯವನ್ನೆಲ್ಲ ಒಂದು ಬಿರುಕಿನ ಮೂಲಕ ನೋಡಿದ ಯಜಮಾನರು ಆ ಊರಿನ ಹೆಸರನ್ನು ಮತ್ತೆ ಎತ್ತಲಿಲ್ಲ.

ಮುಂದಿನ ಸರದಿ ಬಾಗಲಕೋಟೆ. ಹಳೆಯ ಊರಿನ ಎಷ್ಟೋ ಓಣಿಗಳು ಹಿನ್ನೀರಿನ ಪಾಲಾಗಿ, ಜನ ತಂಡತಂಡವಾಗಿ ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗುತ್ತಿದ್ದ ಕಾಲ ಅದು. ಓಣಿ ಎಂದರೆ ಬಾವಿ, ಬೇವಿನ ಮರ, ಜಗಳಗಂಟಿ ಮುದುಕಿಯ ಕಟ್ಟೆ ಎಂದು ಗುರುತಿಟ್ಟುಕೊಂಡು ಬೆಳೆದ ಜನಕ್ಕೆ ಸೆಕ್ಟರಿನ ನಂಬರು ಕೊಟ್ಟು ಕಳಿಸಿದ್ದರು. ಯಾವ ರಸ್ತೆಗೆ ತಿರುಗಿದರೂ ಈಗಷ್ಟೇ ಬಿಟ್ಟುಬಂದ ರಸ್ತೆಯೇ ಮತ್ತೆ ಎದುರಾದಂತಾಗುತ್ತಿತ್ತು. ಕಚೇರಿಯ ಸ್ನೇಹಿತರೊಬ್ಬರು ಗುರುತು ಹೇಳಿದ್ದ ಮನೆಯನ್ನು ಹುಡುಕಿ ಹುಡುಕಿ ಸೋತು, ಕೊನೆಗೆ ಒಂದು ಬಾಗಿಲಲ್ಲಿ ನಿಂತು, ನೋಡಲು ಬಂದಿದ್ದೇವೆ ಎಂದೆವು. “ಬರ್ರಿ ಬರ್ರಿ, ನಿಮ್ಮ ದಾರಿನ ಕಾಯಾಕ ಹತ್ತಿದ್ವಿ” ಎಂದು ಆ ಮನೆಯ ಹಿರಿಯರೇ ಎದ್ದು ಬಂದರು. ಜಮಖಾನೆ ಹಾಸಿತ್ತು. ಶಿರಾ ಬಂತು, ಅವಲಕ್ಕಿ ಬಂತು, ಚಹಾ ಬಂತು. ಮನೆ ಮಾರುವವರು ಇಷ್ಟು ಸಂಭಾವಿತರಾಗಿರುವುದು ಕಂಡು ಅತ್ತೆಯ ಮುಖ ಅರಳಿತು. ಯಜಮಾನರು ಗೋಡೆಗಳನ್ನು ಬೆರಳಿಂದ ತಟ್ಟಿ ನೋಡಿದರು. ಮನೆಯವರು ಅದನ್ನೂ ನಗುನಗುತ್ತ ಸಹಿಸಿದರು. ಹೇಗನ್ನಿಸಿತು ಎಂದು ಅವರು ಸಂಕೋಚದಿಂದ ಕೇಳಿದಾಗ ಅತ್ತೆ, ಎಲ್ಲ ಮನಸ್ಸಿಗೆ ಬಂದಿದೆ, ಆದರೆ ಒಮ್ಮೆ ಮಳೆಗಾಲದಲ್ಲಿ ಬಂದು ನೋಡಬೇಕು ಎಂದರು. ಮನೆಯವರ ಮುಖದಲ್ಲಿ ಮೊದಲ ಬಾರಿಗೆ ಗೊಂದಲ ಕಾಣಿಸಿತು. ಅದನ್ನು ಗಮನಿಸದ ನಮ್ಮ ಯಜಮಾನರು ಮುಂದುವರಿದು, ಎಷ್ಟು ವರ್ಷ ಆಯಿತು ಎಂದು ಕೇಳಿದರು.

“ಇಪ್ಪತ್ಮೂರು ನಡದಾವ್ರಿ” ಎಂದರು ಅವರು.

ಯಜಮಾನರು ಚಹಾ ಕೆಳಗಿಟ್ಟರು. ಇಡೀ ನವನಗರಕ್ಕೇ ಇನ್ನೂ ಅಷ್ಟು ವಯಸ್ಸಾಗಿರಲಿಲ್ಲ. ಅಷ್ಟರಲ್ಲಿ ಒಳಗಿನ ಪರದೆ ಸರಿದು, ರೇಶ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡು ಎಲೆ ಅಡಿಕೆಯ ತಾಟು ಹಿಡಿದು ಬಂದಳು. ಅವರು ಕಾಯುತ್ತಿದ್ದದ್ದು ಕನ್ಯೆ ನೋಡಲು ಬರುವವರನ್ನು. ನಾವು ನೋಡಬೇಕಿದ್ದ ಮನೆ ಅದರ ಹಿಂದಿನ ರಸ್ತೆಯಲ್ಲಿ, ಅಚ್ಚು ತೆಗೆದ ಹಾಗೆ ಅದೇ ಬಾಗಿಲು ಅದೇ ಕಿಟಕಿ ಇಟ್ಟುಕೊಂಡು ನಿಂತಿತ್ತು. ತಪ್ಪಾಯಿತೆಂದು ನಾವು ಕೈ ಮುಗಿದಾಗ ಆ ಪುಣ್ಯಾತ್ಮರು ಸಿಟ್ಟಾಗಲಿಲ್ಲ. ಹುಡುಗಿಯೇ ಮೊದಲು ನಕ್ಕಳು. ಅತ್ತೆ ಅವಳ ಕೈಗೆ ಎಲೆ ಅಡಿಕೆ ತಿರುಗಿ ಕೊಟ್ಟು, ಮಳೆಗಾಲದ ಮಾತನ್ನು ವಾಪಸು ತೆಗೆದುಕೊಂಡರು. ಆದರೆ ಹೊರಗೆ ಬಂದ ಮೇಲೆ, ಮನೆಗೂ ಮನೆಗೂ ವ್ಯತ್ಯಾಸವಿಲ್ಲದ ಊರಿನಲ್ಲಿ ಮುಪ್ಪಿನ ಕಾಲಕ್ಕೆ ತಾನು ಯಾರ ಮನೆಗೆ ಹೊಕ್ಕು ಮಲಗುತ್ತೇನೋ ಎಂದು ಅವರು ನಡುರಸ್ತೆಯಲ್ಲಿ ನಿಂತು ಕೇಳಿದ್ದೇ, ಬಾಗಲಕೋಟೆಯ ಮಾತೂ ಅಲ್ಲಿಗೇ ಮುಗಿಯಿತು.

ಹೀಗೆ ಎರಡು ವರ್ಷ ಕಳೆಯಿತು. ಹೊಸ ಶತಮಾನ ಬಂತು, ಮಗಳು ಐದನೆಯ ಇಯತ್ತೆಗೆ ಬಂದಳು, ಮನೆ ಮಾತ್ರ ಬರಲಿಲ್ಲ. ನಡುವೆ ದೇವರು ಕಣ್ಣು ಬಿಟ್ಟಂತೆ ಯಜಮಾನರಿಗೆ ಹುನಗುಂದಕ್ಕೆ ವರ್ಗವಾಯಿತು. ಅತಿಥಿ ಮನೆಯವನಾದ. ಇನ್ನು ಹುನಗುಂದದಲ್ಲೇ ಕೊಂಡುಬಿಡೋಣ ಎಂದು ಹೊರಟರೆ ಅಲ್ಲಿ ಬೇರೆಯೇ ತೊಡಕು. ಆ ಊರಿನಲ್ಲಿ ಮಾರಾಟಕ್ಕಿದ್ದ ಮನೆಗಳ ಮಾಲೀಕರೆಲ್ಲ ನನ್ನ ವಿದ್ಯಾರ್ಥಿಗಳ ತಂದೆಯರೇ. ಅಡಿಗೆಮನೆ ನೋಡಲು ಹೋದರೆ ಮಗನ ಗಣಿತದ ಅಂಕದ ಮಾತು. ಬಚ್ಚಲು ನೋಡಲು ಹೋದರೆ ಬಾಗಿಲ ಹಿಂದೆ ಅಡಗಿದ ಮಗ. ಒಬ್ಬರಂತೂ, ವ್ಯವಹಾರದ ಮಾತು ಪರೀಕ್ಷೆ ಮುಗಿದ ಮೇಲೆ ಆಡೋಣ ಎಂದು ಕಣ್ಣು ಮಿಟುಕಿಸಿದರು. ನಾನು ಆ ಹೊಸ್ತಿಲು ದಾಟಿ ಬಂದವಳು ಮತ್ತೆ ತಿರುಗಿ ನೋಡಲಿಲ್ಲ.

ಇಳಕಲ್ಲಿನ ಮಾತು ಬಂದದ್ದು ಆಮೇಲೆ. ಹುನಗುಂದಕ್ಕೆ ಹತ್ತಿರ, ಬಸ್ಸು ಬೇಕಾದಷ್ಟು. ನೇಕಾರರ ಓಣಿಯಲ್ಲಿ ನೀಲವ್ವ ಎಂಬ ಹೆಂಗಸಿನ ಮನೆ ಮಾರುವುದಿದೆ ಎಂದು ಸೀರೆ ಅಂಗಡಿಯವರು ಹೇಳಿದರು. ಅರವತ್ತು ದಾಟಿದರೂ ನೂಲಿನಂತೆ ನೆಟ್ಟಗಿದ್ದ ನೀಲವ್ವ ಗಂಡ ತೀರಿದ ಮೇಲೆ ತಾನೇ ಮಗ್ಗಕ್ಕೆ ಕೂತು ಮಗಳನ್ನು ಬೆಳೆಸಿದವಳು. ಆ ಮಗಳು ಹುನಗುಂದದಲ್ಲಿ ಸೀರೆಯ ಅಂಗಡಿ ಹಾಕಿದ್ದಳು. ಈಕೆ ಅಲ್ಲಿಗೆ ಹೋಗಿ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ಉತ್ಸಾಹದಲ್ಲಿದ್ದಳು. ನೇಯ್ದದ್ದು ಸಾಕು, ಇನ್ನು ಮಾರುವ ಸುಖ ನೋಡಬೇಕು ಎನ್ನುತ್ತಿದ್ದಳು.

ಮನೆ ಚೊಕ್ಕಟವಾಗಿತ್ತು. ಕೆಂಪು ಕಲ್ಲಿನ ನೆಲ, ಹಿತ್ತಲಲ್ಲಿ ಕರಿಬೇವು, ಓಣಿಯ ತುಂಬ ಮಗ್ಗದ ಲಟಪಟ. ಆದರೆ ನಾವು ಮನೆ ನೋಡುವುದಕ್ಕಿಂತ ಮೊದಲು ನೀಲವ್ವ ನಮ್ಮನ್ನು ನೋಡಿದಳು. ಯಾರು ಅಡಿಗೆ ಮಾಡುತ್ತಾರೆ, ಎಷ್ಟು ಗಂಟೆಗೆ ಏಳುತ್ತೀರಿ ಎಂದೆಲ್ಲ ವಿಚಾರಿಸಿ, ಕೊನೆಗೆ ಜಗಳಾಡುತ್ತೀರೇನು ಎಂದು ಕೇಳಿದಳು. ಇಲ್ಲ ಎಂದು ಯಜಮಾನರೂ ಹೌದು ಎಂದು ನಾನೂ ಏಕಕಾಲಕ್ಕೆ ಹೇಳಿದೆವು. “ಛಲೋ ಆತು ಬಿಡ್ರಿ ಅಕ್ಕೋರ, ಈ ಗ್ವಾಡಿಗಿ ಸಪ್ಪಳ ರೂಢಿ ಐತಿ” ಎಂದು ಅವಳು ನಮ್ಮನ್ನು ಪಾಸು ಮಾಡಿದಳು.

ತೊಡಕು ಇದ್ದದ್ದು ಪಡಸಾಲೆಯ ನಡುವೆ. ನೇಕಾರರು ನೆಲದ ಅಂಚಿನಲ್ಲಿ ಕೂತು, ಕಾಲುಗಳನ್ನು ಒಂದು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿನ ಹಲಗೆಗಳನ್ನು ತುಳಿಯುತ್ತ ನೇಯುತ್ತಾರೆ. ಮಗ್ಗ ಬಿಚ್ಚಿ ಸಂಬಂಧಿಕರಿಗೆ ಕೊಟ್ಟಾಗಿತ್ತು, ಕುಣಿ ಉಳಿದಿತ್ತು. ತಾನು ಮುಚ್ಚು ಎಂದು ಹೇಳುವವರೆಗೆ ಅದನ್ನು ಮುಚ್ಚಬಾರದು ಎಂಬುದು ನೀಲವ್ವನ ಒಂದೇ ಕರಾರು. ಕಾಗದದಲ್ಲಿ ಬರೆಯಬೇಕಿಲ್ಲ, ಬಾಯಿಮಾತು ಸಾಕು. ಯಾಕೆ ಎಂದು ಕೇಳಿದ್ದಕ್ಕೆ, ತನ್ನ ಆಯುಷ್ಯದ ಅರ್ಧ ಅದರಲ್ಲೇ ಇದೆ, ತಟ್ಟನೆ ಮಣ್ಣು ಹಾಕಲು ಮನಸ್ಸು ಬಾರದು ಎಂದಳು. ನಾನು ಒಪ್ಪುವುದರಲ್ಲಿದ್ದೆ. ಅಷ್ಟು ಹೊತ್ತು ಕುಣಿಯನ್ನೇ ದಿಟ್ಟಿಸುತ್ತಿದ್ದ ಅತ್ತೆ ಬಾಯಿ ತೆರೆದರು.

“ಮನಿ ನಡುವ ಕುಣಿ ಇಟ್ಕೊಂಡು ಯಾರನ್ನ ಹುಗಿಯೂದೈತಿ?”

ನೀಲವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಅವಸರ ಮಾಡಬ್ಯಾಡ್ರಿ. ಪಾಳಿ ಬಂದಾಗ ನೋಡೂಣು.”

ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ನಿಂತರು. ಆ ಮನೆಗೆ ತಾನು ಕಾಲಿಡುವುದಿಲ್ಲವೆಂದು ಬಸ್ ಸ್ಟ್ಯಾಂಡಿನವರೆಗೂ ಹೇಳಿದರು. ಆದರೂ ನಾವು ಕೊಂಡೆವು. ಮೂರು ಊರಿನ ಮಂಗ, ಸೆಕ್ಟರು, ಅಂಕಪಟ್ಟಿಗಳನ್ನು ಕಂಡ ಮೇಲೆ ಒಂದು ಕುಣಿ ನನಗೆ ದೊಡ್ಡದೆನಿಸಲಿಲ್ಲ. ಅತ್ತೆ ಬಾರದಿದ್ದರೆ ಮನೆ ಕೊಂಡದ್ದರ ಅರ್ಧ ಪುಣ್ಯ ಹೋಯಿತಲ್ಲ ಎಂಬ ಕೊರಗು ಮಾತ್ರ ಯಜಮಾನರನ್ನು ಬಿಡಲಿಲ್ಲ. ಅದಕ್ಕೆ ತಕ್ಕಂತೆ ಮೊದಲ ವಾರದಲ್ಲೇ ಅವರು ಎರಡು ಸಲ ಕುಣಿಗೆ ಬಿದ್ದರು: ಒಮ್ಮೆ ಪೇಪರ್ ಓದುತ್ತ, ಇನ್ನೊಮ್ಮೆ ಬಂದ ನೆಂಟರಿಗೆ ಕುಣಿ ಇದೆ ಜೋಕೆ ಎಂದು ತೋರಿಸುತ್ತ. ಮೇಲೆ ಹಲಗೆ ಹಾಸಿದರೆ ಅದು ಒಬ್ಬೊಬ್ಬರ ಕಾಲಿಗೆ ಒಂದೊಂದು ರಾಗದಲ್ಲಿ ಕಿರುಗುಟ್ಟಿತು.

ವರ್ಷದ ಮೇಲೆ, ಮೊಮ್ಮಗಳ ಜ್ವರದ ನೆಪದಿಂದ, ಮೂರು ದಿನದ ಮಟ್ಟಿಗೆಂದು ಅತ್ತೆ ಬಂದರು. ಅವರ ಮೊಣಕಾಲು ಆಗ ಬಹಳ ನೋಯುತ್ತಿತ್ತು. ಚಕ್ಕಳಮಕ್ಕಳ ಹಾಕಿ ಕೂತು ನೆಲದ ಮೇಲೆ ತಾಟು ಇಟ್ಟುಕೊಂಡು ಉಣ್ಣುವುದೇ ಊಟ, ಉಳಿದದ್ದೆಲ್ಲ ಹೋಟೆಲು ಎಂದು ಬಾಳಿದ ಜೀವ, ಈಗ ಮಂಚದ ಅಂಚಿನಲ್ಲಿ ಕೂತು ತೊಡೆಯ ಮೇಲೆ ತಾಟು ಇಟ್ಟುಕೊಂಡು, ಯಾರಾದರೂ ನೋಡುತ್ತಾರೇನೋ ಎಂದು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರು. ಅರ್ಧ ರೊಟ್ಟಿಗೆ ಸಾಕೆನ್ನುತ್ತಿದ್ದರು.

ಎರಡನೆಯ ದಿನ ಶನಿವಾರ. ಶಾಲೆ ಬೇಗ ಬಿಟ್ಟಿತ್ತು. ಬಾಗಿಲು ತಳ್ಳಿ ಒಳಗೆ ಬಂದರೆ ಹಲಗೆ ಗೋಡೆಗೆ ಒರಗಿದೆ, ಅತ್ತೆ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ನೆಟ್ಟಗೆ ಕೂತಿದ್ದಾರೆ. ಎದುರಿಗೆ ಆಚೆಯ ಅಂಚಿಗೆ ಅಡ್ಡ ಹಾಕಿದ ಮಣೆ, ಮಣೆಯ ಮೇಲೆ ತಾಟು, ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಉಪ್ಪಿನಕಾಯಿ, ಎಡಗಡೆ ನೀರಿನ ತಂಬಿಗೆ. ನನ್ನನ್ನು ಕಂಡು ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು.

“ಬಿದ್ದೆ ನೋಡವಾ” ಎಂದರು.

ಉಪ್ಪಿನಕಾಯಿ ಬಡಿಸಿಕೊಂಡು ಬೀಳುವ ಜನರನ್ನು ನಾನು ಮೊದಲ ಸಲ ನೋಡಿದ್ದು. ನಾನು ಒಳಗೆ ಹೋಗಿ ಮೊಸರು ತಂದು ಬಡಿಸಿದೆ. ಅವರು ಎರಡೂ ರೊಟ್ಟಿ ಮುಗಿಸಿದರು. ಮಾರನೆಯ ದಿನವೂ ಅವರು ಬಿದ್ದರು, ಅದರ ಮಾರನೆಯ ದಿನವೂ; ಮೂರು ದಿನಗಳು ಮೂರು ತಿಂಗಳಾದವು. ಬಾದಾಮಿಯಿಂದ ಅವರ ಟ್ರಂಕು ತಾನಾಗಿಯೇ ಬಂತು. ಸ್ವಂತದ ಮನೆಯಲ್ಲಿ ನಾವು ನಾಲ್ವರೂ ಇದ್ದೇವೆ ಎಂಬ ಸಂಗತಿ ಒಂದು ದಿನ ಬಟ್ಟೆ ಒಣಹಾಕುವಾಗ ನನಗೆ ಹೊಳೆದು, ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಾಗೆಯೇ ಹಿಡಿದು ಸ್ವಲ್ಪ ಹೊತ್ತು ನಿಂತೆ.

ಅತ್ತೆ ಬೀಳುತ್ತಿದ್ದದ್ದು ಮಧ್ಯಾಹ್ನ ಮಾತ್ರ, ಯಜಮಾನರು ಕಚೇರಿಯಲ್ಲಿರುವಾಗ. ರಾತ್ರಿಗೆ ಅವರದು ಬರಿ ಹಾಲು. ರವಿವಾರವೂ ಮಗನ ಊಟ ಮುಗಿದು ಅವನು ಹೊರಗೆ ಹೋಗುವವರೆಗೆ ಹಸಿವಿಲ್ಲ ಎನ್ನುತ್ತಿದ್ದರು. ಮಗನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೀಗಾಗಿ ಏನೂ ಅರಿಯದ ಆ ಮಗ ತಾಯಿಯ ಕಣ್ಣಿಗೆ ಕುಣಿ ಚುಚ್ಚುತ್ತಿದೆಯೆಂದು ಮರುಗಿ, ಹುನಗುಂದದ ಅಂಗಡಿಗೆ ಹೋಗಿ ನೀಲವ್ವನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡರಂತೆ. ರವಿವಾರ ಬಂದು ನೋಡಿ ಹೇಳುತ್ತೇನೆ ಎಂದಿದ್ದಳು ನೀಲವ್ವ. ಒಪ್ಪಿಗೆ ಸಿಕ್ಕಿತೆಂದೇ ತಿಳಿದು ಯಜಮಾನರು ಕುಣಿ ಮುಚ್ಚಲು ಗೌಂಡಿಗೂ ಒಂದು ಬಂಡಿ ಗರಸು ಮಣ್ಣಿಗೂ ಅದೇ ರವಿವಾರಕ್ಕೆ ಹೇಳಿಬಿಟ್ಟರು. ನಮಗೆ ಹೇಳಲಿಲ್ಲ, ತಾಯಿಗೆ ಆಶ್ಚರ್ಯವಾಗಲೆಂದು.

ಅಂದು ಯಜಮಾನರು ಉಂಡು, ಕೆಲಸವಿದೆಯೆಂದು ಹೊರಗೆ ಹೋದರು. ಅತ್ತೆ ಎಂದಿನಂತೆ ಬಿದ್ದರು. ಎರಡನೆಯ ರೊಟ್ಟಿಗೆ ಬಂದಿದ್ದರು, ಬಾಗಿಲಲ್ಲಿ ನೆರಳು ಬಿತ್ತು. ನೀಲವ್ವ ನಿಂತಿದ್ದಳು, ಅವಳ ಹಿಂದೆ ಯಜಮಾನರು, ಅವರ ಹಿಂದೆ ಓಣಿಯಲ್ಲಿ ಗರಸಿನ ಬಂಡಿ. ಅತ್ತೆಗೆ ಏಳಬೇಕೆಂದರೂ ಮೊಣಕಾಲು ಏಳಗೊಡಲಿಲ್ಲ. ಬಿದ್ದೆ ಎಂದು ಹೇಳಲು ಬಾಯಿ ತೆರೆದರು, ಅದೂ ಬರಲಿಲ್ಲ. ಹುಗಿಯುವ ಮಾತು ನಾಲ್ವರಿಗೂ ನೆನಪಿತ್ತು. ನಾನು ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಹೊರಗೆ ಬಂದೆ.

ನೀಲವ್ವ ಒಳಗೆ ಬಂದಳು. ಅವಳು ಅತ್ತೆಯ ಮುಖ ನೋಡಲಿಲ್ಲ, ಕಾಲು ನೋಡಿದಳು. ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಅಂಗಡಿಯಲ್ಲಿ ಸೀರೆಯ ಅಂಚು ತೋರಿಸುವವರ ಸಹಜ ಧ್ವನಿಯಲ್ಲಿ ಕೇಳಿದಳು: “ಬಲಗಾಲಿಗಿ ಕಲ್ಲು ಒತ್ತತೈತಿ, ಹೌದಿಲ್ಲೋ?”

ಅತ್ತೆ ಕೈಯ ತುತ್ತನ್ನು ತಾಟಿಗೆ ಇಳಿಸಿದರು. “ಒತ್ತತೈತ್ರಿ” ಎಂದರು ಆಮೇಲೆ. “ಯಾರಿಗಿ ಹೇಳ್ಲಿ?”

“ಎಡಕ್ಕ ಸರೀರಿ. ಕುಣಿ ಗ್ವಾಡಿಗಿ ಹಿಮ್ಮಡ ಇಡಾಕ ನಾ ಒಂದು ಗೂಡು ಕೆತ್ತೇನಿ. ಕಣ್ಣಿಗಿ ಕಾಣಂಗಿಲ್ಲ, ಕಾಲಿಗಿ ಸಿಗತೈತಿ.”

ಹೊರಗಿನಿಂದ ಗೌಂಡಿ, ಗರಸು ಎಲ್ಲಿ ಸುರಿಯಬೇಕು ಎಂದು ಎರಡು ಸಲ ಕೂಗಿದ. ಯಜಮಾನರು ತಾಯಿಯನ್ನು ನೋಡಿದರು, ಆಚೆಯ ಅಂಚಿನ ಮಣೆ ನೋಡಿದರು, ಮಣೆಯ ಮೇಲಿನ ಉಪ್ಪಿನಕಾಯಿ ನೋಡಿದರು, ನನ್ನನ್ನು ಮಾತ್ರ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಮತ್ತೆ ಹೊರಗೆ ಹೋದರು. ಓಣಿಯ ತಿರುವಿನಲ್ಲಿ ಮಳೆ ನೀರು ನಿಲ್ಲುವ ದೊಡ್ಡ ತೆಗ್ಗಿಗೆ ಗರಸು ಹಾಕಿಸುತ್ತಿರುವ ಸಪ್ಪಳ ಕಿಟಕಿಯಿಂದ ಕೇಳಿಸಿತು. ಆ ಒಂದು ಬಂಡಿಯಿಂದ ಅವರಿಗೆ ಓಣಿಯಲ್ಲಿ ಬಂದ ಮರ್ಯಾದೆ ಇಪ್ಪತ್ತು ವರ್ಷದ ನೌಕರಿಯಿಂದ ಬಂದಿರಲಿಲ್ಲ.

ಒಳಗೆ ನಾನು ನೀಲವ್ವನಿಗೂ ಒಂದು ತಾಟು ತಂದಿಟ್ಟೆ. ಅತ್ತೆ ಕಣ್ಣು ಮುಚ್ಚಿಕೊಂಡು, ದೂರದ ಮಾತನ್ನು ಕಿವಿಗೊಟ್ಟು ಕೇಳುವವರ ಹಾಗೆ ತಲೆ ತುಸು ಓರೆ ಮಾಡಿ, ಎಡಗಾಲಿನಿಂದ ಆ ಕತ್ತಲಲ್ಲಿ ತಡಕುತ್ತಿದ್ದರು. ಇನ್ನೂ ಕೆಳಗೆ ಎಂದಳು ನೀಲವ್ವ, ಇನ್ನೊಂದೀಟು ಹಿಂದೆ ಎಂದಳು. ಅತ್ತೆಯ ಭುಜ ಸಡಿಲಾಯಿತು. ಕಣ್ಣು ತೆರೆದು ನೀಲವ್ವನ ಕಡೆ ನೋಡಿದರು.

“ಸಿಕ್ಕತು” ಎಂದರು.